ಲೆಕ್ಕಕ್ಕಿಲ್ಲದ ದೀಪ

ಮಧ್ಯಾಹ್ನ ಎರಡೂವರೆಗೇ ಕತ್ತಲೆ
ಬಾಗಿಲು ತಟ್ಟುವ ಊರು ನಮ್ಮದು, ಟ್ರೊಂಡ್‌ಹೈಮ್.
ಶಾಲೆ ಬಿಡುವ ಮೊದಲೇ
ಬೀದಿದೀಪಗಳು ಹಾಜರಿ ಹಾಕುತ್ತವೆ.
ನಕ್ಷತ್ರ ಕಂಡ ಮೇಲೆ ಹಚ್ಚಬೇಕೆನ್ನುತ್ತದೆ ಶಾಸ್ತ್ರ.
ನಕ್ಷತ್ರಗಳಿಗೇನು, ಉಂಡು ಕೈತೊಳೆಯುವಷ್ಟರಲ್ಲಿ
ಬಂದು ನಿಂತಿರುತ್ತವೆ,
ಹೊತ್ತಿಗೆ ಮುಂಚೆ ಬಂದ ನೆಂಟರ ಹಾಗೆ.

ಹನುಕ್ಕಾದ ಐದನೆಯ ಸಂಜೆ.
ಅಡುಗೆಮನೆಯಲ್ಲಿ ನಾಲ್ಕು ಕಿಲೋ ಆಲೂಗಡ್ಡೆ,
ಒಂದು ತುರಿಮಣೆ, ಮೂರು ಹೆಂಗಸರು.
ಈರುಳ್ಳಿ ಜಾಸ್ತಿಯಾಯಿತು ಎಂದು ಅಮ್ಮ,
ಸಾಲದು ಎಂದು ತಂಗಿ ದೀನಾ.
ನಾನು ಬಾಯಿ ಬಿಡಲಿಲ್ಲ.
ಕಣ್ಣೀರು ಬಂತು, ಬರೀ ಈರುಳ್ಳಿಗೆ.

ಆಗ ಮೆಟ್ಟಿಲ ಮೇಲೆ ಹಿಮ ಕೊಡಹುವ ಸದ್ದು.
ಬೂಟಿನ ಸದ್ದಿಗೇ ಗುರುತು ಹತ್ತುತ್ತದೆ: ಹಾಲ್ವೋರ್.
ಅಳಿಯ ಅಲ್ಲ ಮಗಳ ಗಂಡ ಎನ್ನುತ್ತೇವಲ್ಲ,
ಇವನು ಮಗಳ ಗಂಡನೂ ಅಲ್ಲ ಈಗ,
ಅಳಿಯ ಮಾತ್ರ.
ಕೋರ್ಟಿನ ಕಾಗದಕ್ಕೆ ಸಹಿ ಬಿದ್ದು ನಾಲ್ಕು ವರ್ಷ.
ಮನೆ, ಕಾರು, ಯೋನಾನ ಶನಿವಾರ ಭಾನುವಾರ
ಎಲ್ಲವೂ ಹಂಚಿಕೆಯಾಗಿತ್ತು ಅದರಲ್ಲಿ.
ಹನುಕ್ಕಾ ಯಾರ ಪಾಲಿಗೆಂದು ಯಾರೂ ಬರೆದಿರಲಿಲ್ಲ.
ಅಷ್ಟು ಸಂದಿ ಸಾಕಾಯಿತು ಅವನಿಗೆ.

ಕಂಕುಳಲ್ಲಿ ತನ್ನದೇ ತುರಿಮಣೆ,
ಕೈಯಲ್ಲಿ ಅವನ ತಾಯಿ ಕಳಿಸಿದ ಡಬ್ಬಿ.
ಕ್ರಿಸ್‌ಮಸ್ಸಿಗೆ ಅವರಲ್ಲಿ ಏಳು ಬಗೆಯ ಬಿಸ್ಕತ್ತು.
ಹಂದಿಕೊಬ್ಬು ತಾಗದ ಆರು ಬಗೆ ನಮಗೆ,
ಏಳನೆಯದರ ಜಾಗದಲ್ಲಿ ಒಂದು ಚೀಟಿ:
'ಕ್ಷಮಿಸಿ.'

ತುರಿಯುತ್ತ ತುರಿಯುತ್ತ ಬೆರಳ ಗೆಣ್ಣನ್ನೂ ತುರಿದುಕೊಂಡ.
ಅಮ್ಮ ಆ ಹಿಡಿಯನ್ನಷ್ಟೂ ಕಸಕ್ಕೆ ಹಾಕಿದಳು,
ಬೆರಳಿಗೆ ಪಟ್ಟಿ ಸುತ್ತಿದಳು,
ಬೈದಳು, ಹೆತ್ತವರನ್ನು ಬೈಯುವ ದನಿಯಲ್ಲಲ್ಲ,
ಹೆತ್ತ ಮಗನನ್ನು ಬೈಯುವ ದನಿಯಲ್ಲಿ.

ಕೆಳಮನೆಯ ಲೆತೆಬ್ರಹಾನ್ ಕಾಫಿಯ ಜೆಬೆನಾ ಹಿಡಿದು ಬಂದಳು.
ಅಸ್ಮಾರಾದವಳು. 'ನಮ್ಮ ಕ್ರಿಸ್‌ಮಸ್ ಜನವರಿಗೆ,
ಅಲ್ಲಿಯತನಕ ಬೆಳಕು ಕೈಗಡ ಕೊಡಿ' ಎಂದು ನಕ್ಕಳು.

ಕಿಟಕಿಯಲ್ಲಿ ತಾತನ ಹಿತ್ತಾಳೆ ದೀಪ,
ಒಂದು ತೋಳು ಸೊಟ್ಟ.
'ಐದನೇ ದಿನ, ಮೇಣದ ಬತ್ತಿ ಯಾಕೆ ಆರು?'
ಆರು ವರ್ಷದ ಯೋನಾ ಬೆರಳು ಮಡಿಸುತ್ತ ನಿಂತ.
'ಆರನೆಯದು ಆಳು,' ಎಂದಳು ಅಮ್ಮ,
'ಉಳಿದವನ್ನು ಹಚ್ಚುವುದು ಅದರ ಕೆಲಸ.
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಆದರೆ ನೋಡು, ಈ ಐದರ ಬೆಳಕಲ್ಲಿ
ಕಾಗದ ಓದುವಂತಿಲ್ಲ,
ಸೂಜಿಗೆ ದಾರ ಪೋಣಿಸುವಂತಿಲ್ಲ.
ಸುಮ್ಮನೆ ನೋಡಬೇಕು, ಅಷ್ಟೆ.
ನಿನಗೆ ಏನಾದರೂ ಕಂಡರೆ,
ಕಾಣಿಸಿದ್ದು ಆಳುದೀಪ.'

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದವನು
ಮಂತ್ರಕ್ಕೆ ದನಿಗೂಡಿಸಿದ.
ಹನ್ನೊಂದು ವರ್ಷದಿಂದ ಎರಡನೆಯ ಸಾಲಲ್ಲಿ
ಒಂದು ಪದ ತಪ್ಪುತ್ತಾನೆ, ನಾವು ಯಾರೂ ತಿದ್ದಿಲ್ಲ.
ಈ ಸಲ ಯೋನಾನೂ ಅಲ್ಲೇ ತಪ್ಪಿದ.
ದೀನಾ ತುಟಿ ಕಚ್ಚಿದಳು,
ನಗುವೋ ಏನೋ,
ಆ ಬೆಳಕಿಗೆ ಅಷ್ಟು ಕಾಣಲಿಲ್ಲ.

ಲಾಟ್ಕೆಗಳ ಅಂಚು ಕರಿಕಾಯಿತು, ತಟ್ಟೆ ಖಾಲಿಯಾಯಿತು.
ಬುಗುರಿಯಾಟದಲ್ಲಿ ಹಾಲ್ವೋರ್
ಎಲ್ಲ ಅಕ್ರೋಟನ್ನೂ ಮಗನಿಗೆ ಸೋತ,
ಸೋಲಲು ತುಂಬ ಕಷ್ಟಪಟ್ಟ.
ಹೊರಗೆ ನಿದೆಲ್ವಾ ನದಿ ಅಂಚಿನಲ್ಲಿ ಮಾತ್ರ ಹೆಪ್ಪುಗಟ್ಟಿ
ನಡುವಿನಲ್ಲಿ ಇನ್ನೂ ಹರಿಯುತ್ತಿತ್ತು.

'ತುರಿಮಣೆ ಮರೆತೆ,' ದೀನಾ ಕೂಗಿದಳು ಮೆಟ್ಟಿಲಿಗೆ.
'ನಾಳೆಯೂ ಬೇಕಲ್ಲ,' ಎಂದಿತು ಕತ್ತಲು.
ಅವಳು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ,
ತೊಳೆದು, ಒರೆಸಿ,
ನಮ್ಮದರ ಪಕ್ಕದ ಮೊಳೆಗೆ ನೇತುಹಾಕಿದಳು.

ನಾನು ಅಮ್ಮನ ಮುಖ ನೋಡಿದೆ.
'ಏನೂ ಆಗುವುದಿಲ್ಲ, ಸುಮ್ಮನೆ ಆಸೆಪಡಬೇಡ,' ಎಂದಳು,
ಕರಗಿದ ಮೇಣವನ್ನು ಉಗುರಲ್ಲಿ ಕೆರೆಯುತ್ತ.
ಸ್ವಲ್ಪ ಹೊತ್ತು ಬಿಟ್ಟು,
'ನಾಳೆ ಆಲೂಗಡ್ಡೆ ಐದು ಕಿಲೋ ತಾ.'