ದಂಡುಪದವಿನ ಕೋರೆಯಲ್ಲಿ

ಗುರುಪುರ ಹೊಳೆ ದಾಟಿ ಮೇಲೆ ಹತ್ತಿದರೆ ದಂಡುಪದವು.
ಯಾವ ದಂಡು ಎಂದರೆ ಒಬ್ಬೊಬ್ಬರದು ಒಂದೊಂದು.
ಸುಲ್ತಾನನದೆಂದು ಇದಿನಬ್ಬ, ಕುಂಪಣಿಯದೆಂದು ಶಾಲೆಯ ಮಾಸ್ಟ್ರು,
ಇಕ್ಕೇರಿಯದೆಂದು ತನಿಯಪ್ಪ. ಅವನಿಗೆ ಅಜ್ಜ ಹೇಳಿದ್ದಂತೆ,
ಅಜ್ಜನಿಗೆ ಯಾರು ಹೇಳಿದ್ದೋ.

ರಾತ್ರಿ ಅಲ್ಲಿ ಮುರಕಲ್ಲ ಮೇಲೆ ಕುದುರೆ ಓಡುತ್ತದೆ.
ಒಂದು ಕಾಲಿಗೆ ಲಾಳವಿಲ್ಲ:
ಟಕ್ ಟಕ್ ಟಕ್, ಆಮೇಲೊಂದು ಮೆತ್ತಗೆ.
ಆಟಿ ಅಮಾವಾಸ್ಯೆಗೆ ಒಬ್ಬ ಬಂದು ಸುಣ್ಣ ಕೇಳುತ್ತಾನೆ.
ಬೆರಳಲ್ಲಿ ಕೊಡಬಾರದು, ಚೂರಿಯ ತುದಿಯಲ್ಲಿ ನೀಡಬೇಕು.
ಚೂರಿ ಕಂಡರೆ ಹೆದರುತ್ತಾನಂತೆ, ಪಾಪ,
ಸತ್ತ ಮೇಲೂ.

ಕರ್ಗಿಯಜ್ಜಿ ಮಾತ್ರ ಚೂರಿ ಹಿಡಿದವಳಲ್ಲ.
ಗೇರುಮರದ ಬುಡದಲ್ಲಿ ಒಂದು ತಂಬಿಗೆ ನೀರು, ಒಂದು ತುಂಡು ಬೆಲ್ಲ.
"ಘಟ್ಟ ಇಳಿದವನೋ, ಹಡಗು ಹತ್ತಿ ಬಂದವನೋ,
ಬಂದವನಿಗೆ ಮೊದಲು ನೀರು. ಜಾತಕ ಆಮೇಲೆ."
ಬೆಳಗ್ಗೆ ಬೆಲ್ಲ ಇರುತ್ತಿರಲಿಲ್ಲ.
ಇರುವೆ ಅಜ್ಜಿ, ಎಂದೆ.
"ಇರಲಿ ಮಗಾ, ಇರುವೆಗೂ ಬಾಯಾರುತ್ತದೆ."

ನಾನು ಕೋರೆಯ ರೈಟರು. ಕಲ್ಲೆಣಿಸುವುದು ಕೆಲಸ.
ಮೊದಲು ಮೇಲಿನ ಮಣ್ಣು ಕೆರೆದರು. ಮೂರು ಸೀಸದ ಗುಂಡು ಸಿಕ್ಕಿತು,
ನೆಲ್ಲಿಕಾಯಿಗಿಂತ ಸಣ್ಣವು, ಕೈಗೆ ಭಾರ.
ಯಾರಿಗೂ ತಾಗದೆ ಬಿದ್ದವೋ, ತಾಗಿ ಬಿದ್ದವೋ.
ಇದಿನಬ್ಬ ಅವನ್ನು ಬೀಸುಬಲೆಯ ಅಂಚಿಗೆ ಕಟ್ಟಿಕೊಂಡ.
ಮೀನು ಚೆನ್ನಾಗಿಯೇ ಬಿತ್ತು.
ಅವನ ಮನೆಯಲ್ಲಿ ನಾನೂ ಉಂಡಿದ್ದೇನೆ;
ಮುಳ್ಳು ಬಿಡಿಸುವಾಗ ಒಮ್ಮೆ ಕೈ ನಿಂತಿತ್ತು, ಅಷ್ಟೆ.

ಆಮೇಲೆ ಕಲ್ಲು. ದಿನಕ್ಕೆ ಆರುನೂರು, ಎಂಟುನೂರು.
ಕಾವೂರಿಗೆ ಒಂದು ಲೋಡು, ಸುರತ್ಕಲ್ಲಿಗೆ ಎರಡು.
ಪದವು ಗೋಡೆ ಗೋಡೆಯಾಗಿ ಊರು ಸೇರಿತು.
ಆ ಮನೆಗಳಲ್ಲಿ ಯಾರಾದರೂ ನಡುರಾತ್ರಿ ಎದ್ದು ಕೂರುತ್ತಾರೋ,
ನನ್ನ ಪುಸ್ತಕದಲ್ಲಿ ಅದಕ್ಕೆ ಕಾಲಂ ಇಲ್ಲ.

ಗೇರುಮರ ಹೋದ ವರ್ಷವೇ ಅಜ್ಜಿಯೂ ಹೋದಳು.
ಈಗ ಕೋರೆ ನಲವತ್ತು ಅಡಿ ಆಳ.
ಡೀಸೆಲ್ ಕಳವಾಗುತ್ತದೆಂದು ಮೊನ್ನೆ ತಳದಲ್ಲೇ ಮಲಗಿದ್ದೆ,
ಮೆಷಿನ್ನಿನ ಪಕ್ಕ, ಟಾರ್ಪಾಲು ಹೊದ್ದು.
ಕುದುರೆ ಬಂತು,
ನೆತ್ತಿಯ ಮೇಲೆ,
ಹಳೆಯ ನೆಲ ಇದ್ದ ಎತ್ತರದಲ್ಲಿ,
ಏನೂ ಇಲ್ಲದಲ್ಲಿ, ಟಕ್ ಟಕ್ ಟಕ್, ಒಂದು ಮೆತ್ತಗೆ.
ನಾವು ನೆಲ ಕೊಯ್ದು ಮಾರಿದ ಸುದ್ದಿ
ಅವರಿಗಿನ್ನೂ ಯಾರೂ ಮುಟ್ಟಿಸಿಲ್ಲ.

ನೀರಿನ ಬಾಟಲಿಯ ಮುಚ್ಚಳ ತೆಗೆದೆ.
ಬೆಲ್ಲ ಇರಲಿಲ್ಲ, ಕಿಸೆಯಲ್ಲೊಂದು ಶುಂಠಿ ಮಿಠಾಯಿ ಇತ್ತು.
ಎರಡನ್ನೂ ಕಲ್ಲಿನ ಅಟ್ಟಿಯ ಮೇಲಿಟ್ಟೆ,
ಕೈ ಎಟಕುವಷ್ಟು ಎತ್ತರಕ್ಕೆ.
ಇನ್ನೂ ಮೂವತ್ತು ಅಡಿ ಬಾಕಿ ಇತ್ತು.