ಮಸಿ ಹತ್ತದ ಅಕ್ಷರ

ಹ್ಯಾಲಿಫ್ಯಾಕ್ಸಿನ ಈ ಹಳೆಯ ಮೆಥಡಿಸ್ಟ್ ಚಾಪೆಲ್ಲಿನಲ್ಲಿ
ಈಗ ಪ್ರಾರ್ಥನೆಯಿಲ್ಲ, ಕಪಾಟುಗಳಿವೆ.
ಹಾಡುವವರು ನಿಲ್ಲುತ್ತಿದ್ದ ಅಟ್ಟದ ಮೇಲೆ ನನ್ನ ಮೇಜು:
ಗಂಜಿಯ ಬಟ್ಟಲು, ಮೂಳೆಯ ಚಾಕು, ಒತ್ತುಕಾಗದ.
ಹರಿದದ್ದನ್ನು ಅಂಟಿಸುವುದು ನನ್ನ ಕಸುಬು,
ಓದುವುದಲ್ಲ.

ಇವತ್ತು ಬಂದ ಕಟ್ಟು ನಾಸ್ತಿಕರದು.
ಜಾರ್ಜಿಯನ್ ಮಾಸಪತ್ರಿಕೆ, ಹತ್ತು ಹನ್ನೆರಡು ವರ್ಷದ್ದು,
ಹುರಿಯ ಗಂಟು ಕೂಡ ಬಿಚ್ಚಿರಲಿಲ್ಲ ಯಾರೂ.
ಕಂಬಳಿ ಗಿರಣಿಯ ನೇಕಾರ ವಿಲ್ಫ್ರೆಡ್ ಮಿಡ್ಜ್ಲಿ,
ಊರಿನ ವಿಚಾರವಾದಿ ಸಂಘದ ಕಾರ್ಯದರ್ಶಿ,
ತನ್ನ ನಾಲ್ಕು ಪುಟದ ಪತ್ರಿಕೆ ಅಲ್ಲಿಗೆ ಕಳಿಸಿ
ಬದಲಿಗೆ ಇದನ್ನು ತರಿಸಿಕೊಳ್ಳುತ್ತಿದ್ದನಂತೆ.
ಒಂದಕ್ಷರ ಬಾರದು. ಆದರೂ ತಿಂಗಳು ತಪ್ಪದೆ
ರಸೀದಿ ಬರೆದಿಟ್ಟಿದ್ದಾನೆ: "ತಲುಪಿತು. ಸಂತೋಷ."

ನನಗೂ ಬಾರದು. ಆದರೂ ಕಣ್ಣಿಗೆ ನೆಂಟಸ್ತಿಕೆಯ ಲಿಪಿ,
ಕೋಡುಬಳೆ ದುಂಡು, ಚಕ್ಕುಲಿಯ ಮುರುಕು,
ದೂರದ ಯಾರೋ ಸೋದರತ್ತೆ
ಕನ್ನಡ ಬರೆಯಲು ಕೂತು
ತಲೆಕಟ್ಟು ಮರೆತ ಹಾಗೆ.

ಓದುವವಳು ಲಮಾರಾ. ಎಂಬತ್ತೊಂದು ವಯಸ್ಸು.
ಬ್ರಾಡ್‌ಫರ್ಡಿನಿಂದ ಎರಡು ಬಸ್ಸು ಬದಲಿಸಿ ಬಂದಿದ್ದಾಳೆ,
ಕೋಟಿನ ಜೇಬಿನ ತುಂಬ ಅಕ್ರೋಟು.
ಒಂದೊಂದೇ ಸಂಚಿಕೆ ತಿರುವುತ್ತ ಹೇಳುತ್ತಾಳೆ:
ಕಾಗದ ಸರ್ಕಾರದ್ದು, ಮಸಿ ಸರ್ಕಾರದ್ದು,
ಚಂದಾ ಮಾತ್ರ ಚಹಾ ಕಾರ್ಖಾನೆಯ ಕೂಲಿಯಲ್ಲಿ ಮುರಿದುಕೊಂಡದ್ದು.
ಇಲ್ಲಿ ನೋಡು, ಡೊಳ್ಳುಹೊಟ್ಟೆಯ ಪಾದ್ರಿ. ಇಲ್ಲಿ ಟ್ರ್ಯಾಕ್ಟರು.
ಇಲ್ಲಿ ಗಂಟೆ ಇಳಿಸಿ ಕರಗಿಸಿದ್ದು, ಎಷ್ಟು ಮಣ ಕಂಚು, ಲೆಕ್ಕ.
ಇಲ್ಲಿಂದ ಸಂಪಾದಕನ ಹೆಸರಿಲ್ಲ.
ಇಲ್ಲಿಂದ ಬೇರೆ ಹೆಸರು.
ಅದೂ ಇಲ್ಲ, ಇಲ್ಲಿಂದ.
ಕೊನೆಗೆ ಯುದ್ಧ ಬಂತು. ಸೈನಿಕರಿಗೆ ದೇವರು ಬೇಕಾದ,
ಸರ್ಕಾರಕ್ಕೆ ಕಾಗದ ಬೇಕಾಯಿತು. ನಿಂತಿತು,
ಹೋಗಿಬರುತ್ತೇವೆ ಎಂಬ ಒಂದು ಸಾಲೂ ಇಲ್ಲದೆ.

ಅವಳಪ್ಪ ಅಲ್ಲಿ ಮೊಳೆ ಜೋಡಿಸುತ್ತಿದ್ದ.
ನಮ್ಮಲ್ಲಿ, ಅಂದಳು, ಘ್ಮೆರ್ತಿ ಅಂದರೆ ದೇವರು.
ಮುಂದೆ ಒಂದು ‘ಉ’ ಇಟ್ಟು ಉಘ್ಮೆರ್ತೊ ಅಂದರೆ ದೇವರಿಲ್ಲದವನು.
ಆ ‘ಉ’ ಉದುರಿದರೆ
ಘ್ಮೆರ್ತೊ:
ಓ ದೇವರೇ!
ಒಂದು ಮೊಳೆಯಷ್ಟೇ ನಡುವೆ.
ನಮ್ಮ ನಾಸ್ತಿಯ ಹೊಟ್ಟೆಯಲ್ಲೂ ಅಸ್ತಿ ಕೂತಿದೆಯಲ್ಲ
ಅಂದುಕೊಂಡೆ. ಹೇಳಲಿಲ್ಲ.

ಒಂದು ಮಾರ್ಚ್ ತಿಂಗಳು, ಮುಖಪುಟದ ಮೇಲೆ
ಹೆಬ್ಬೆರಳಗಲದ ಅಕ್ಷರದಲ್ಲಿ ಕೂಗಿಬಿಟ್ಟಿತು ಪತ್ರಿಕೆ:
ಓ ದೇವರೇ!
ಊರೆಲ್ಲ ಬಾಗಿಲು ಹಾಕಿಕೊಂಡು ನಕ್ಕಿತು.
ಅಪ್ಪ ನಗಲಿಲ್ಲ. ಅವನು ನಿಜಕ್ಕೂ ನಂಬಿದ್ದ, ದೇವರಿಲ್ಲವೆಂದು,
ವ್ರತ ಹಿಡಿದ ಹಾಗೆ. ಈಸ್ಟರಿನ ದಿನ
ಬೇಕೆಂದೇ ಪಾಳಿ ಕೇಳಿ ಪಡೆಯುತ್ತಿದ್ದ.
ಮೂರನೆಯ ರಾತ್ರಿ ಬಂದು ಕರೆದುಕೊಂಡು ಹೋದರು.
ಲಮಾರಾ ಆಗ ಹೊಟ್ಟೆಯಲ್ಲಿ.

ಆ ಸಂಚಿಕೆ ಇಲ್ಲಿದೆ.
ಮಿಡ್ಜ್ಲಿಗೆ ತಲುಪಿದೆ, ಸಂತೋಷ.
ಖಾಲಿ ಜಾಗದ ಮೇಲೆ ಉಗುರಿನಷ್ಟು ಚೀಟಿ, ಚೀಟಿಯಲ್ಲಿ ‘ಉ’,
ಕಟ್ಟು ಹಡಗು ಹತ್ತುವ ಮುಂಚೆ ಯಾರೋ ಅವಸರದಲ್ಲಿ ಹಚ್ಚಿದ್ದು.
ತೆಗೆಯಲೇ, ಕೇಳಿದೆ. ಕತ್ತು ಆಡಿಸಿದಳು.
ಹಬೆ ತೋರಿಸಿದೆ. ಅವಳಷ್ಟೇ ವಯಸ್ಸಿನ ಗೋಂದು
ಹೆಚ್ಚು ಸತಾಯಿಸದೆ ಬಿಟ್ಟಿತು.

ಕೆಳಗೆ ಬರಿಯ ಕಾಗದ.
ದೀಪವನ್ನು ಮೇಜಿನ ಅಂಚಿಗೆ ಇಳಿಸಿದೆ
ಬೆಳಕು ಅಡ್ಡ ಬೀಳುವ ಹಾಗೆ.
ಆಗ ಕಂಡಿತು ತಗ್ಗು.
ಕೂರಬೇಕಾದ ಕಡೆಯೇ ಮೊಳೆ ಕೂತು
ಕಾಗದಕ್ಕೆ ಹಲ್ಲು ಊರಿದ ಗುರುತು.
ಸಾಲಿನ ಮೊದಲಕ್ಷರ, ಪುಟದ ಮೂಲೆ,
ಮಸಿಯ ಉರುಳೆ ಅಲ್ಲಿಯವರೆಗೆ ತಲುಪಿರಲಿಲ್ಲ.
ಅಕ್ಷರ ಇತ್ತು.

ಲಮಾರಾ ಮಾತಾಡಲಿಲ್ಲ. ಪುಟ ಮಗುಚಿ
ಹಿಂಬದಿಯ ಉಬ್ಬಿನ ಮೇಲೆ ತೋರುಬೆರಳಿಟ್ಟಳು
ಕುರುಡರು ಓದುವ ಹಾಗೆ, ಎಷ್ಟೋ ಹೊತ್ತು.
ಆಮೇಲೆ ನನಗೊಂದು ಅಕ್ರೋಟು ಕೊಟ್ಟು
ಬಸ್ಸು ಐದೂ ನಲವತ್ತಕ್ಕೆ, ಎಂದು ಎದ್ದಳು.

ದುರಸ್ತಿ ನಮೂನೆಯಲ್ಲಿ ‘ದೋಷ’ ಎಂಬ ಕಲಮು.
ಪೆನ್ಸಿಲ್ ಹಿಡಿದು ಕೂತಿದ್ದೇನೆ. ಗಂಜಿ ಆರುತ್ತಿದೆ.
ಚೀಟಿ ಎಲ್ಲಿ ಹೋಯಿತೆಂದು ಹುಡುಕಿದರೆ
ನನ್ನದೇ ಬೆರಳ ತುದಿಗೆ ಅಂಟಿಕೊಂಡಿದೆ,
ಉ.