ಏಳನೆಯ ಕುರ್ಚಿ

ಅರ್ಜಿಯಲ್ಲಿ ಎರಡೇ ಪ್ರಶ್ನೆ.
ಏನಾಯಿತು?
ಈಗ ಏನು ಬದಲಾಗಿದೆ?
ಒಂದೊಂದರ ಕೆಳಗೂ ಬೆರಳುದ್ದದ ಡಬ್ಬಿ,
ಐನೂರು ಅಕ್ಷರ ಮೀರಿದರೆ ಅಂಚು ಕೆಂಪಾಗುತ್ತದೆ.

ಮೊದಲನೆಯದರ ಲೆಕ್ಕ ನಿಮ್ಮ ಬಳಿಯೇ ಇದೆ:
ಹಿಡಿದದ್ದು ಇಪ್ಪತ್ತನಾಲ್ಕು ಕ್ರೆಡಿಟ್, ಮುಗಿಸಿದ್ದು ಹದಿನೈದು.
ನೂರಕ್ಕೆ ಅರವತ್ತೇಳು ಬೇಕು,
ನನ್ನದು ಅರವತ್ತೆರಡೂವರೆ.
ಆ ನಾಲ್ಕೂವರೆಯ ಗುಂಡಿಯಲ್ಲಿ ಬಿದ್ದಿವೆ
ಬರುವ ಟರ್ಮಿನ ಫೀಸು, ಪುಸ್ತಕದ ದುಡ್ಡು,
ಹಿಮಕ್ಕೆಂದು ಕೊಳ್ಳಬೇಕಿದ್ದ ಎರಡು ಟಯರು.
ಬ್ಯೂಟ್‌ನಲ್ಲಿ ಗುಂಡಿ ಅನ್ನುವುದು ಬರೀ ಮಾತಲ್ಲ.
ತಾಮ್ರ ತೋಡಿ ತೋಡಿ
ನನ್ನಜ್ಜಿ ಹುಟ್ಟಿದ ಬೀದಿಯೇ ಅದರೊಳಗೆ ಹೋಗಿದೆ.

ನಡುವೆ ಬಿಟ್ಟ ವಿಷಯದ ಮುಂದೆ ಡಬ್ಲ್ಯೂ ಎಂದು ಬರೆಯುತ್ತೀರಿ.
ಫೇಲೂ ಅಲ್ಲ, ಪಾಸೂ ಅಲ್ಲ.
ಕಿಟಕಿಯಾಚೆ ಮಿಸ್ ಪ್ರೈಡೊ ದನಿ ತಗ್ಗಿಸಿ ಹೇಳಿದರು,
'ಬಿಟ್ಟದ್ದೂ ಹಿಡಿದ ಲೆಕ್ಕಕ್ಕೇ ಬರುತ್ತೆ, ಕೊಲೀನ್.'
ನನ್ನ ಅಂಕಪಟ್ಟಿಯಲ್ಲಿ ಅವು ಮೂರಿವೆ,
ಒಂದರ ಕೆಳಗೊಂದು, ಗರಗಸದ ಹಲ್ಲಿನ ಹಾಗೆ.
ಮೂರೂ ಮಂಗಳವಾರ, ಗುರುವಾರದ ತರಗತಿಗಳು.
ಆ ಎರಡು ದಿನ, ಜೊತೆಗೆ ಶನಿವಾರ,
ಅಮ್ಮನ ರಕ್ತ ಅವಳ ಮೈಯಿಂದ ಹೊರಬಂದು
ಯಂತ್ರದೊಳಗೆ ಸುತ್ತಿ ಮನೆಗೆ ಮರಳುತ್ತದೆ.
ಹನ್ನೊಂದಕ್ಕೆ ಹೋದರೆ ಮೂರೂವರೆ.
ಸಂಖ್ಯಾಶಾಸ್ತ್ರ ಹನ್ನೆರಡೂವರೆಗೆ.

ಇಷ್ಟನ್ನು ಬರೆದಾಯಿತು, ನಾನೂರ ತೊಂಬತ್ತೆಂಟು ಅಕ್ಷರದಲ್ಲಿ.

ಈಗ ಏನು ಬದಲಾಗಿದೆ?

ಬೆಳಗಿನ ಐದರ ಪಾಳಿಯಲ್ಲಿ ಒಂದು ಕುರ್ಚಿ ಖಾಲಿಯಾಯಿತು.
ಹದಿನಾಲ್ಕು ತಿಂಗಳು ಕಾದಿದ್ದೆವು ಅದಕ್ಕೆ.
ಕಾಯುವುದೆಂದರೆ ಏನಕ್ಕೆ ಕಾಯುವುದೆಂದು
ನಾನಾಗಲಿ ಅಮ್ಮನಾಗಲಿ ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ.

ಟೊಯ್ವೊ ಲಾಹ್ತಿ, ಏಳನೆಯ ಕುರ್ಚಿ.
ಒಂಬತ್ತೂವರೆಗೆ ಅವರದು ಮುಗಿದರೂ
ವ್ಯಾನು ಹೊತ್ತಿಗೆ ಸರಿಯಾಗಿ ಬಂದ ದಿನವೇ ಇಲ್ಲ.
ನಾವು ಒಳಗೆ ಹೋಗುವಾಗ ಬಾಗಿಲ ಪಕ್ಕ ಕೂತಿರುತ್ತಿದ್ದರು,
ಕಿವಿಮುಚ್ಚುವ ಉಣ್ಣೆ ಟೋಪಿ, ಕೋಟಿನ ತುಂಬ ಪೆಪ್ಪರ್‌ಮಿಂಟು.
ಗಣಿಯಲ್ಲಿ ಮೂವತ್ತು ವರ್ಷ ದುಡಿದ ಬೆರಳಿಗೆ
ಆ ಪ್ಲಾಸ್ಟಿಕ್ ಸುತ್ತು ಬಿಚ್ಚಲು ಬರುತ್ತಿರಲಿಲ್ಲ.
ನಾನು ಬಿಚ್ಚಿಕೊಡುತ್ತಿದ್ದೆ. ಕೂಲಿ, ಒಂದು ಪೆಪ್ಪರ್‌ಮಿಂಟು.
ನನ್ನ ದಪ್ಪ ಪುಸ್ತಕ ನೋಡಿ ಒಮ್ಮೆ ಕೇಳಿದ್ದರು,
'ಸಂಭವನೀಯತೆ ಅಂದ್ರೇನಮ್ಮ?'
ನಾಣ್ಯ ಚಿಮ್ಮಿ ತೋರಿಸಿದೆ.
ಐದು ಸಲ ಚಿಮ್ಮಿದರೂ ರಾಜನ ತಲೆಯೇ ಬಿತ್ತು
(ಅವರ ಜೇಬಿನ ಕೆನಡಾ ನಾಣ್ಯ ಅದು).
'ನಿನ್ನ ಪುಸ್ತಕ ಸುಳ್ಳು' ಅಂತ ನಕ್ಕರು.
ಅದರ ಮುಂದಿನ ವಾರ ನಾನು ಆ ವಿಷಯ ಬಿಟ್ಟೆ.

ಕ್ಲಿನಿಕ್ಕಿನ ಹುಡುಗಿ ಫೋನು ಮಾಡಿದಾಗ
ಅವಳ ದನಿಯಲ್ಲಿ ಒಳ್ಳೆಯ ಸುದ್ದಿ ಇತ್ತು.
ನಾನು ಥ್ಯಾಂಕ್ಸ್ ಅಂದೆ, ಎರಡು ಸಲ ಅಂದೆ,
ಆಮೇಲೆ ಕೇಳಿದೆ, ಯಾವ ಕುರ್ಚಿ?

ಮೊದಲ ದಿನ ಅಮ್ಮ ಕೂರುವ ಮುನ್ನ
ಅಂಗೈಯಿಂದ ಅದನ್ನು ಒರೆಸಿದಳು.
ಧೂಳೇನೂ ಇರಲಿಲ್ಲ.

ದಾಖಲೆ ಲಗತ್ತಿಸಿ ಎನ್ನುತ್ತೀರಿ.
ಲಗತ್ತಿಸಿದ್ದೇನೆ: ಕ್ಲಿನಿಕ್ಕಿನ ಹೊಸ ವೇಳಾಪಟ್ಟಿ,
ಅಮ್ಮನ ಹೆಸರು, ಲೂಯೆಲ್ಲಾ ಹಾರ್ಕಿನ್,
ಕುರ್ಚಿ ಏಳು, ಬೆಳಿಗ್ಗೆ ಐದು ಗಂಟೆ, ವೈದ್ಯರ ಸಹಿ.
ಈ ಹಾಳೆ ಎಲ್ಲವನ್ನೂ ಸಾಬೀತು ಮಾಡುತ್ತದೆ,
ಅವರೊಬ್ಬರನ್ನು ಬಿಟ್ಟು.

ಡಬ್ಬಿಯಲ್ಲಿ ಹೀಗೆ ಬರೆದಿದ್ದೇನೆ:
ತಾಯಿಯ ಚಿಕಿತ್ಸೆ ಬೆಳಗಿನ ಪಾಳಿಗೆ ಬದಲಾಗಿದೆ,
ಇನ್ನು ತರಗತಿ ತಪ್ಪುವುದಿಲ್ಲ.
ನಾನೂರಕ್ಕೂ ಹೆಚ್ಚು ಅಕ್ಷರಕ್ಕೆ ಜಾಗ ಮಿಕ್ಕಿದೆ.
ಟೊಯ್ವೊ ಎಂದು ಟೈಪು ಮಾಡಿದೆ, ಅಳಿಸಿದೆ,
ಮತ್ತೆ ಮಾಡಿದೆ.
ನೀವು ಒಪ್ಪಿದರೆ ಒಂದು ಟರ್ಮು ನನ್ನನ್ನು ಪರೀಕ್ಷೆಗಿಡುತ್ತೀರಿ,
ಹಿಡಿದದ್ದನ್ನೆಲ್ಲ ಮುಗಿಸಬೇಕು, ಸರಾಸರಿ ಎರಡಕ್ಕೆ ಇಳಿಯಕೂಡದು.
ಆಗಲಿ.
ನಾಲ್ಕೂ ಕಾಲಿಗೆ ಕಾರಿನ ಗಾಜಿನ ಮಂಜು ಕೆರೆದು
ಅಮ್ಮನನ್ನು ಬಿಟ್ಟು, ಅವರ ಬೆಂಚಿನಲ್ಲೇ ಕೂತು
ಮೂರನೆಯ ಅಧ್ಯಾಯದಿಂದ ಶುರುಮಾಡುತ್ತೇನೆ,
ನಾಣ್ಯದ ಲೆಕ್ಕದಿಂದ.